ಆರು ಹಲ್ಲು ಕೊಟ್ಟ ಅಜ್ಜ

ಅಪ್ಪನಿಗೆ ನಮಸ್ಕಾರ. ಈ ಕಾರ್ಡನ್ನು ಅಂಚೆಯವನು ಆಗಲೇ ಓದಿ ನಕ್ಕಿರುತ್ತಾನೆ. ನೀವು ಮಾತ್ರ ನಗದೆ ಓದಿ.

ನಾವು ಮೀನು ಹಿಡಿಯಲು ಬಂದಿರುವ ಈ ದ್ವೀಪದಲ್ಲಿ ದೋಣಿಗಳ ಪಕ್ಕದಲ್ಲೇ ಆಸ್ಪತ್ರೆಯವರು ಸುನ್ನತಿ ಮಾಡಲು ಡೇರೆ ಹಾಕಿದ್ದಾರೆ. ಮುಂದೊಗಲು ಕೊಯ್ಸಿಕೊಂಡ ಗಂಡಸಿಗೆ ಹೆಣ್ಣಿನಿಂದ ಏಡ್ಸ್ ತಗಲುವ ಸಂಭವ ಅರ್ಧಕ್ಕೂ ಹೆಚ್ಚು ತಗ್ಗುತ್ತದಂತೆ, ಆದರೂ ಕಾಂಡೋಮ್ ಬಿಡುವಂತಿಲ್ಲವಂತೆ. ನಮ್ಮ ಲುವೊ ಜನಕ್ಕೆ ಇದು ಪದ್ಧತಿಯಲ್ಲ ಎಂದು ನಿಮ್ಮ ಹಾಗೆಯೇ ಹೇಳುತ್ತ, ಎಲ್ಲರೂ ಬಲೆ ಹೆಣೆಯುತ್ತ ಕೂತಿದ್ದೆವು.

ನಿನ್ನೆ ನಮ್ಮ ಜೊತೆ ಕೂತಿದ್ದ ಒಬೂರ ಅಜ್ಜ ಎದ್ದು ಹೋಗಿ ಎಲ್ಲರಿಗಿಂತ ಮೊದಲು ಡೇರೆಯಲ್ಲಿ ಕೂತರು. ನಿಮ್ಮ ಹಾಗೆ ಕುಲದ ಪದ್ಧತಿಯಂತೆ ಕೆಳಗಿನ ಆರು ಹಲ್ಲು ಕೀಳಿಸಿಕೊಂಡ ಕಾಲದವರು.

"ಅಜ್ಜಾ, ಈ ವಯಸ್ಸಲ್ಲಿ ನಿಮಗ್ಯಾಕೆ?" ಎಂದಳು ನರ್ಸ್.

"ನಂಗಲ್ಲವ್ವಾ, ಅಲ್ಲಿ ಕೂತಿದಾರಲ್ಲ, ಆ ಹೇಡಿಗಳಿಗೆ. ಲುವೊ ಅನ್ನಿಸ್ಕೊಳ್ಳೋಕೆ ಆರು ಹಲ್ಲು ಕೊಟ್ಟೆ. ಆಮೇಲೆ ಈ ಕಾಯಿಲೆಗೆ ಇಬ್ರು ಮಕ್ಕಳನ್ನ ಕೊಟ್ಟೆ. ಇದೊಂದು ಚೂರು ಚರ್ಮ ಯಾವ ಲೆಕ್ಕ? ಕೊಯ್ಯಿ!"

ಎರಡನೆಯವನು ನಾನೇ, ಅಪ್ಪಾ.

ನೋವು ಕಡಿಮೆ, ಊಟ ಸೇರುತ್ತಿದೆ. ಅಜ್ಜನೂ ನಾನೂ ಬಾತುಕೋಳಿಗಳ ಹಾಗೆ ಕಾಲಗಲಿಸಿ ನಡೆಯುವುದನ್ನು ನೋಡಿ ಮೀನು ಒಣಗಿಸುವ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆರು ವಾರ ಹೆಂಡತಿಯ ಹತ್ತಿರ ಹೋಗಬಾರದಂತೆ. ನಿಮ್ಮ ಸೊಸೆ ಅಪಿಯೊಗೆ ನಾನು ಬರುವುದು ತಡವಾಗುತ್ತದೆ ಎಂದಷ್ಟೇ ಅಮ್ಮನ ಕೈಲಿ ಹೇಳಿಸಿ.

ಜಾಗ ಮುಗಿಯಿತು. ಬೈಗುಳವನ್ನು ಕಾಗದದಲ್ಲಿ ಬರೆಯಬೇಡಿ, ಊರಿಗೆ ಬಂದು ಎದುರಿಗೇ ನಿಂತು ಬೈಸಿಕೊಳ್ಳುತ್ತೇನೆ. ಅಣ್ಣನೂ ಅದೇ ಕಾಯಿಲೆಯಲ್ಲಿ ಹೋದ ಮೇಲೆ, ಬೈಯಲು ನಿಮಗೆ ಉಳಿದಿರುವ ಮಗ ನಾನೊಬ್ಬನೇ.

ಒಗುತು