ಸುಣ್ಣದ ಉಗಿಯ ಹಿಂದಿನ ಮುಖ

ಎರಡನೆಯ ಬಿಸಿಲೆಣಿಕೆಯ ಮೂವತ್ತೊಂದನೆಯ ವರ್ಷ, ಉಳಿಕೆ ತಿಂಗಳ ನಾಲ್ಕನೆಯ ದಿನ.

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ಹಿರಿಯರು ವರ್ಷವನ್ನು ಹದಿಮೂರು ತಿಂಗಳಾಗಿ ಹಂಚಿಕೊಂಡರು. ಕೊನೆಯದಕ್ಕೆ ಉಳಿಕೆ ತಿಂಗಳು ಎಂದು ಹೆಸರು. ಆ ತಿಂಗಳಲ್ಲಿ ನೆಲದ ಮೇಲೆ ಯಾರೂ ಕೆಲಸ ಮಾಡುವುದಿಲ್ಲ, ಬಿಸಿಲು ಬಿಡುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಇಪ್ಪತ್ತೆರಡನೆಯ ಶತಮಾನದ ಕೊನೆಯ ಭಾಗ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಕ್ಷಮೆ ಕೇಳುವುದು ನನಗೆ ರೂಢಿಯಿಲ್ಲ. ಇದೊಂದು ಸಲ ಕೇಳಿದ್ದೇನೆ, ಇನ್ನು ಕೇಳುವುದಿಲ್ಲ.

ನನ್ನ ಹೆಸರು ತಂಗೆವ್ವ ಸುಣಗಾರ. ಪ್ರೌಢಶಾಲೆಯವರೆಗೆ ಓದಿದ್ದೇನೆ. ಘಟಪ್ರಭೆಯ ದಂಡೆಯ ಬಿಳಿಗಲ್ಲಹಟ್ಟಿಯಲ್ಲಿ ನಮ್ಮ ಮನೆತನದ ಯಜಮಾನಿಕೆ ನನ್ನದು. ನಮ್ಮಲ್ಲಿ ಎಪ್ಪತ್ತು ದಾಟಿದ ಯಜಮಾನಿಗೆ ಒಂದು ಹಿಂದೋಲೆ ಬರೆಯುವ ಹಕ್ಕಿದೆ. ಹಿಂದೋಲೆ ಎಂದರೆ ಕಳೆದ ಕಾಲಕ್ಕೆ ಕಳಿಸುವ ಕಾಗದ. ಬದುಕಿನಲ್ಲಿ ಒಂದೇ ಸಲ, ಒಂದೇ ಓಲೆ. ಬಹಳ ಜನ ಅದನ್ನು ಮಳೆಯ ಬಗ್ಗೆ, ನದಿಯ ಬಗ್ಗೆ, ಯುದ್ಧಗಳ ಬಗ್ಗೆ ನಿಮ್ಮನ್ನು ಎಚ್ಚರಿಸಲು ಬಳಸುತ್ತಾರೆ. ಅಂಥವು ನಿಮಗೆ ಸಾಕಷ್ಟು ಬಂದಿರಬೇಕು, ನೀವು ಓದಿದ ಹಾಗೆ ಕಾಣುವುದಿಲ್ಲ. ನಾನು ಬರೆಯುತ್ತಿರುವುದು ಒಂದು ಸಿನಿಮಾದ ಬಗ್ಗೆ.

ಮೊದಲು ನಮ್ಮ ಬದುಕು ಹೇಗಿದೆ ಎಂದು ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ನಾವು ಇರುವುದು ನೆಲಮನೆಗಳಲ್ಲಿ. ನಿಮ್ಮವರು ಸುಣ್ಣದ ಕಲ್ಲು ತೆಗೆದು ಬಿಟ್ಟುಹೋದ ಗಣಿಗಳಿಗೆ ಮೇಲೆ ಚಾವಣಿ ಹಾಕಿ, ಬದಿಯ ಬಂಡೆ ಕೊರೆದು ಕೋಣೆ ಮಾಡಿಕೊಂಡಿದ್ದೇವೆ. ಒಳಗೆ ತಂಪು, ಆದರೆ ಮಾತಾಡಿದರೆ ಬಂಡೆ ತಿರುಗಿಸಿ ಹೇಳುತ್ತದೆ. ಮಧ್ಯಾಹ್ನವೇ ನಮಗೆ ರಾತ್ರಿ. ಹೊತ್ತು ನೆತ್ತಿಗೇರುವ ಮೊದಲು ಗಂಟೆ ಬಾರಿಸುತ್ತಾರೆ, ಎಲ್ಲರೂ ಇಳಿದು ಬರುತ್ತಾರೆ, ನಾನು ನೀರು ಅಳೆದು ಕೊಡುತ್ತೇನೆ. ನೀರಿನ ಕೀಲಿ ನನ್ನ ಸೊಂಟದಲ್ಲಿದೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಸೇರಿ ಮನೆ ತುಂಬ ಜನ. ಹೊರಗಿನವರು ನೋಡಿದರೆ ತಂಗೆವ್ವನಿಗೇನು ಕಡಿಮೆ ಅನ್ನುತ್ತಾರೆ. ಊಟದ ಹೊತ್ತಿನಲ್ಲಿ ನಮ್ಮ ಮನೆಗೆ ಬಂದರೆ ತಾಟುಗಳ ಸಪ್ಪಳ ಬಿಟ್ಟು ನಿಮಗೆ ಬೇರೇನೂ ಕೇಳುವುದಿಲ್ಲ.

ಅದಕ್ಕೆ ಕಾರಣ ಮನೆತೆರೆ. ಪ್ರತಿ ಕೋಣೆಯ ಒಂದು ಗೋಡೆಯೇ ತೆರೆ. ಮುಂದೆ ಕೂತವರ ಮನಸ್ಸು ಹಿಡಿದು ಅದು ಚಿತ್ರವನ್ನು ತಿದ್ದಿಕೊಳ್ಳುತ್ತದೆ. ಸಾವು ಬೇಡವಾದವರಿಗೆ ಯಾರೂ ಸಾಯುವುದಿಲ್ಲ, ಜಗಳ ಬೇಕಾದವರಿಗೆ ಕೊನೆಯವರೆಗೂ ಜಗಳ. ನನ್ನ ಇಬ್ಬರು ಸೊಸೆಯಂದಿರು ಒಂದೇ ಹೆಸರಿನ ಚಿತ್ರ ನೋಡಿ ಏಳುತ್ತಾರೆ. ಒಬ್ಬಳ ಚಿತ್ರದಲ್ಲಿ ಮದುವೆಯಾಗಿರುತ್ತದೆ, ಇನ್ನೊಬ್ಬಳದರಲ್ಲಿ ಮುರಿದಿರುತ್ತದೆ. ಏನು ಮಾತಾಡಬೇಕು? ಹೀಗಾಗಿ ಯಾರೂ ಮಾತಾಡುವುದಿಲ್ಲ. ಹಳೆಯ ಚಿತ್ರಗಳನ್ನು ಜೀರ್ಣೋದ್ಧಾರ ಮಾಡಿ ಮನೆಗಳಿಗೆ ಬಿಡುವ ಒಂದು ಮಂಡಳಿ ಇದೆ. ಅವರು ಬಿಡುವುದನ್ನು ಗಟ್ಟಿಪ್ರತಿ ಅನ್ನುತ್ತಾರೆ. ಗಟ್ಟಿಪ್ರತಿಯನ್ನು ಮನೆತೆರೆ ಮುಟ್ಟುವ ಹಾಗಿಲ್ಲ. ಎಲ್ಲರೂ ಒಂದನ್ನೇ ನೋಡಬೇಕು, ಅಳುವುದಿದ್ದರೆ ಒಂದೇ ಕಡೆ ಅಳಬೇಕು. ನನ್ನ ಮನೆಯವರೆಲ್ಲ ಒಂದು ಸಲವಾದರೂ ಹಾಗೆ ಕೂತು ಒಂದು ಚಿತ್ರ ನೋಡಲಿ ಎಂದು ನಾನು ಮಂಡಳಿಯ ಬಾಗಿಲು ತಟ್ಟಿದೆ. ನಾನು ಕೇಳಿದ್ದು ‘ಸುಣ್ಣದ ಭಟ್ಟಿ’.

ಆ ಚಿತ್ರ ತಯಾರಾದದ್ದು ನಮ್ಮ ಊರಿನಲ್ಲಿ, ನಿಮ್ಮ ತಾಯಿ ತಂದೆಯರೋ ಅಜ್ಜ ಅಜ್ಜಿಯರೋ ಹರೆಯದಲ್ಲಿದ್ದಾಗ. ಕಪ್ಪು ಬಿಳುಪಿನ ಚಿತ್ರ. ಸುಣ್ಣ ಸುಡುವವನ ಹೆಂಡತಿಯ ಕತೆ. ಕೊನೆಯಲ್ಲಿ ಭಟ್ಟಿ ಕುಸಿದು ಗಂಡ ಕಾಣೆಯಾಗುತ್ತಾನೆ. ಅವಳು ಬಿಳಿ ಮಂಜಿನಂಥದರಲ್ಲಿ ಕೈ ಮುಂದೆ ಚಾಚಿಕೊಂಡು, ಹೆಸರು ಹಿಡಿದು ಕರೆಯುತ್ತ, ಹುಡುಕುತ್ತ ಹೋಗಿ ಅದರಲ್ಲೇ ಕರಗುತ್ತಾಳೆ. ಆ ದೃಶ್ಯದ ಬಗ್ಗೆ ದಂತಕತೆಗಳಿಗೆ ಲೆಕ್ಕವಿಲ್ಲ. ನಿರ್ದೇಶಕ ತೆಂಗಿನಕಾಯಿ ಒಡೆದ ಗಳಿಗೆಗೆ ಸರಿಯಾಗಿ ದೇವರೇ ಮಂಜು ಕಳಿಸಿದ ಎಂದು ಒಂದು. ಮದರಾಸಿನಿಂದ ಲಾರಿಯಲ್ಲಿ ಹೊಗೆ ಯಂತ್ರ ತರಿಸಿದರು ಎಂದು ಇನ್ನೊಂದು. ಮಂಡಳಿಯ ಪುಸ್ತಕದಲ್ಲಿ ಎರಡನೆಯದೇ ಅಚ್ಚಾಗಿದೆ.

ನಮ್ಮ ಮನೆಯ ಮಾತು ಬೇರೆ. ಎಪ್ರಿಲ್ ಬಿಸಿಲಿನಲ್ಲಿ ನಮ್ಮ ಊರಿಗೆ ಯಾವ ದೇವರು ಮಂಜು ಕಳಿಸುತ್ತಾನೆ? ನನ್ನ ಅಜ್ಜಿಯ ಅಜ್ಜಿಯ ಅಜ್ಜಿ ಫಕೀರವ್ವ, ಆಗ ಹೊಸದಾಗಿ ಮದುವೆಯಾಗಿ ಬಂದವಳು, ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ನೋಡಿ, ಓಣಿಯ ಹೆಂಗಸರನ್ನು ಕೂಡಿಸಿದಳು. ಸುಟ್ಟ ಕಲ್ಲುಸುಣ್ಣವನ್ನು ಸಾಲಾಗಿ ಗುಡ್ಡೆ ಹಾಕಿಸಿ ಮೇಲೆ ಕೊಡದಿಂದ ನೀರು ಸುರಿದಳು. ನೀರು ಬಿದ್ದ ಸುಣ್ಣ ಸೀಳಿ, ಕುದಿದು, ಅರಳುತ್ತದಂತೆ. ಉಗಿ ಆಳೆತ್ತರ ಏಳುತ್ತದಂತೆ. ಅದರೊಳಗೆ ಬುಟ್ಟಿಯಿಂದ ಪುಡಿಸುಣ್ಣವನ್ನೂ ತೂರಿದರು. ನಾಯಕಿಯ ಕಣ್ಣೀರು ನಟನೆಯಲ್ಲ, ಸುಣ್ಣದ ಉರಿ. ಚಿತ್ರದಲ್ಲಿ ದುಡಿದವರ ಹೆಸರಿನ ಪಟ್ಟಿಯಲ್ಲಿ ಫಕೀರವ್ವ ಇಲ್ಲ. ಅವಳದೊಂದು ಫೋಟೋ ಕೂಡ ನಮ್ಮ ಮನೆಯಲ್ಲಿ ಉಳಿದಿಲ್ಲ. ಈ ಕತೆಯನ್ನು ನಾನು ಮನೆಯಲ್ಲಿ ಹೇಳುತ್ತ ಬಂದಿದ್ದೇನೆ. ನಾನು ಬಾಯಿ ತೆಗೆದರೆ ಮೊಮ್ಮಗಳು ತುಳಸಾ ಎದ್ದು ನಿಲ್ಲುತ್ತಾಳೆ. ಅವಳಿಗೆ ನಾನು ಆಯಿ, ಅಂದರೆ ಅಜ್ಜಿ. ‘ಆಯಿದು ಸುಣ್ಣದ ಪುರಾಣ ಚಾಲೂ ಆತು ನೋಡ್ರಿ. ನಾ ಒಂದ ನಿದ್ದಿ ತಗದ ಬರ್ತೀನಿ, ಅಷ್ಟರಾಗ ಫಕೀರವ್ವ ನೀರ ಹಾಕಿರ್ತಾಳ.’

ಚಿತ್ರದ ಒಂದೇ ಒಂದು ಹಳೆಯ ಪ್ರತಿ ಉಳಿದಿತ್ತು. ಹುಳಿ ವಾಸನೆ ಹೊಡೆಯುತ್ತಿತ್ತು. ಯಂತ್ರ ಅದನ್ನು ಓದುತ್ತಿದ್ದಂತೆಯೇ ಅದು ಚೂರುಚೂರಾಯಿತು. ಇನ್ನು ಇದ್ದದ್ದು ಯಂತ್ರ ಓದಿಕೊಂಡದ್ದು ಮಾತ್ರ. ಹಳೆಯ ಚಿತ್ರವನ್ನು ಮನೆಗಳಿಗೆ ಬಿಡಬೇಕಾದರೆ ಅದರಲ್ಲಿ ದುಡಿದವರ ವಂಶದವರು ಒಬ್ಬರು ಒಪ್ಪುಮಾತು ಕೊಡಬೇಕು. ನಿರ್ದೇಶಕನ ಕಡೆಯಿಂದ, ನಾಯಕಿಯ ಕಡೆಯಿಂದ ಯಾರೂ ಬರಲಿಲ್ಲ. ನಾನು ಹೋದೆ, ಬೇರೆ ಯಾರೂ ಇಲ್ಲವೆಂದು ಮಂಡಳಿಯವರು ನನ್ನನ್ನೇ ಒಪ್ಪಿಕೊಂಡರು. ಜೀರ್ಣೋದ್ಧಾರದ ಕೆಲಸ ವಹಿಸಿಕೊಂಡವಳು ಮಮತಾಜ ನದಾಫ, ಚುರುಕು ಹುಡುಗಿ, ಮಾತಿಗೊಮ್ಮೆ ನಗುವವಳು. ಕೆಲಸ ಮುಗಿದ ದಿನ ಅವಳೇ ಕರೆ ಕಳಿಸಿದಳು. ‘ಬರ್ರಿ ಆಯೀ, ನಿಮ್ಮ ಚಿತ್ರಾ ತೊಳದ ಇಟ್ಟೇವಿ. ಒಂದ ಕಲಿ ಉಳಿದಿಲ್ಲ ನೋಡ್ರಿ, ಕನ್ನಡಿ ಆಗೇತಿ.’

ನಾನು ಆ ಚಿತ್ರವನ್ನು ಅದಕ್ಕೂ ಮೊದಲು ನೋಡಿದವಳಲ್ಲ. ನನ್ನ ಅಜ್ಜಿ ನೋಡಿದ್ದಳು. ಕಡೆಗೆ ಎಲ್ಲಾ ಬೆಳ್ಳಗಾಗುತ್ತದೆ ಎಂದು ಅವಳು ಹೇಳುವಾಗ ದನಿ ಇಳಿಸುತ್ತಿದ್ದಳು. ನಾನು ಕಾದೆ. ಕೊನೆಯ ದೃಶ್ಯ ಬಂತು. ಒಂದು ಬಯಲು ಅಂಗಳ, ಕಲ್ಲಿನ ಗುಡ್ಡೆಗಳು, ಅಲ್ಲಲ್ಲಿ ಕೊಡಗಳು. ಹಾಡಹಗಲಿನಲ್ಲಿ, ಎಲ್ಲವೂ ಕಾಣುವ ಬೆಳಕಿನಲ್ಲಿ, ಒಬ್ಬ ಹೆಂಗಸು ಕೈ ಚಾಚಿಕೊಂಡು ತಡವರಿಸುತ್ತ ಹೋಗುತ್ತಿದ್ದಾಳೆ. ಪಕ್ಕದ ಮೇಜಿನವನು ಮುಖ ತಿರುಗಿಸಿ ನಕ್ಕ. ನನಗೆ ಮೈ ಉರಿಯಿತು.

‘ಏ ಹುಡುಗಿ, ಸುಣ್ಣಾ ಎಲ್ಲಿ ಹೋತು?’ ಎಂದೆ.

‘ಯಾವ ಸುಣ್ಣಾರೀ ಆಯೀ?’

‘ಅಕಿ ಸುತ್ತ ಇದ್ದದ್ದು. ಬೆಳ್ಳಂದು.’

‘ಅದು ಧೂಳ ಅಲ್ಲೇನ್ರಿ? ಹಳೇ ಸುರುಳಿಗೆ ಬೂಸ್ಟ ಹಿಡಿದಿರ್ತೇತಿ. ಯಂತ್ರಾ ತಾನ ಹುಡುಕಿ ತಗದ ಒಗೀತು.’

ಅವಳನ್ನು ಬೈಯುವಂತಿರಲಿಲ್ಲ. ನಮ್ಮ ಕಾಲದಲ್ಲಿ ಸುಣ್ಣ ಕಂಡವರು ಯಾರಿದ್ದಾರೆ? ಸುಣಗಾರರ ಮನೆಯವಳಾದ ನಾನೂ ಕಂಡಿಲ್ಲ. ಗೋಡೆಗೆ ಬಳಿಯುವುದಿಲ್ಲ, ಎಲೆಗೆ ಹಚ್ಚುವುದಿಲ್ಲ. ನಾನು ಕತೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ನಮ್ಮ ಮನೆಯವರು ಅಷ್ಟು ಹೊತ್ತು ಕೇಳಿದ್ದನ್ನು ನಾನು ಕಾಣೆ. ಆಮೇಲೆ ಅವಳು ದೃಶ್ಯವನ್ನು ಹಿಂದಕ್ಕೆ ಓಡಿಸಿ, ಒಂದು ಕಡೆ ನಿಲ್ಲಿಸಿ, ಬೆರಳಿಟ್ಟು ತೋರಿಸಿದಳು. ‘ಆಯೀ, ಹಂಗಾದ್ರ ಇಕಿ ಯಾರು?’

ನಾಯಕಿಯ ಬೆನ್ನ ಹಿಂದೆ, ದೂರದಲ್ಲಿ, ಒಬ್ಬ ಹುಡುಗಿ ಸೆರಗು ಸಿಕ್ಕಿಸಿಕೊಂಡು ಕೊಡ ಬಗ್ಗಿಸಿ ನಿಂತಿದ್ದಳು. ಉಗಿ ಮುಖಕ್ಕೆ ಬಡಿಯದಂತೆ ತಲೆ ಹಿಂದಕ್ಕೆ ಚೆಲ್ಲಿದ್ದಳು. ಬಾಯಿ ತೆರೆದಿತ್ತು, ನಗುತ್ತಿದ್ದಳೋ ಕೂಗುತ್ತಿದ್ದಳೋ ತಿಳಿಯದು. ಚೂಪು ಗದ್ದ, ಕೂಡಿದ ಹುಬ್ಬು. ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಮಮತಾಜ ನನಗೆ ಕುರ್ಚಿ ತಂದು ಹಾಕಿದಳು. ನಾನು ಕೂರಲಿಲ್ಲ. ಯಾರ ಎದುರಿಗೂ ಹಾಗೆ ಕುಸಿದು ಕೂತವಳಲ್ಲ ನಾನು.

ನಮ್ಮ ಮನೆಯ ಮಾತು ನಿಜ ಎಂಬುದಕ್ಕೆ ಸಾಕ್ಷಿ ಕಣ್ಣ ಮುಂದಿತ್ತು. ಆದರೆ ಉಗಿ ತೆಗೆದಿದ್ದರಿಂದಲೇ ಅದು ಕಂಡಿತು. ಉಗಿ ಮರಳಿ ಹಾಕಿದರೆ ಅವಳು ಮರೆಯಾಗುತ್ತಾಳೆ. ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಚಿತ್ರಗಳನ್ನು ಇಡುವ ಉಗ್ರಾಣ ತಂಪಾಗಿರಲು ನೀರು ಬೇಕು, ನೀರು ಅಳತೆಯದು. ಒಂದು ಚಿತ್ರಕ್ಕೆ ಒಂದೇ ಪ್ರತಿ ಎಂಬುದು ಕಾನೂನು. ಉಳಿದದ್ದನ್ನೆಲ್ಲ ಅಳಿಸುತ್ತಾರೆ. ಇದಕ್ಕಿಂತ ಕೆಟ್ಟ ಮಾತನ್ನು ಮಮತಾಜಳೇ ಹೇಳಿದಳು, ಪಾಪ. ‘ಆಯೀ, ಉಗಿ ಹಿಂದ ಏನಿತ್ತು ಅಂತ ಯಂತ್ರಕ್ಕ ಗೊತ್ತಿರಂಗಿಲ್ರಿ. ತೂತ ಬಿದ್ದಲ್ಲಿ ಅದು ತಾನ ಊಹಿಸಿ ತುಂಬ್ತೇತಿ. ಕೊಡಾ ಖರೇ ಇರಬಹುದು, ಕೈ ಖರೇ ಇರಬಹುದು. ಮುಖಾ ಮಾತ್ರ ನಾ ಖಾತ್ರಿ ಹೇಳಂಗಿಲ್ಲ.’

ಒಪ್ಪುಮಾತಿಗೆ ಒಂದು ವಾರದ ಅವಕಾಶ ಕೊಟ್ಟರು. ಮನೆಯಲ್ಲಿ ಯಾರನ್ನು ಕೇಳಲಿ? ತುಳಸಾಳಿಗೆ ಹೇಳಿದೆ. ‘ಮುಖಾ ಬೇಕಂದ್ರ ಮುಖಾ ಇಟ್ಕೋ ಆಯೀ, ಅದಕ್ಕ್ಯಾಕ ಇಷ್ಟ ಚಿಂತಿ’ ಎಂದು ತನ್ನ ಗೋಡೆಯತ್ತ ತಿರುಗಿದಳು. ಒಬ್ಬಳೇ ಯೋಚಿಸಿದೆ. ನನ್ನ ಅಜ್ಜಿ ಹೇಳುತ್ತಿದ್ದ ಇನ್ನೊಂದು ಸಂಗತಿ ನೆನಪಾಯಿತು. ಚಿತ್ರ ಊರಿನ ಟೆಂಟಿಗೆ ಬಂದಾಗ ಓಣಿಯವರೆಲ್ಲ ನೋಡಿ ಬಂದು ಫಕೀರವ್ವನನ್ನು ಹಂಗಿಸಿದರಂತೆ, ನೀ ಎಲ್ಲೂ ಕಾಣಲೇ ಇಲ್ಲವಲ್ಲ ಎಂದು. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳಂತೆ, ‘ಉಗಿ ಕಂಡ್ತಿಲ್ಲೋ? ಉಗಿ ಕಂಡ್ರ ನಾನ ಕಂಡಂಗ.’

ಅವಳು ಮಾಡಿದ್ದು ಆ ಉಗಿಯನ್ನು. ಅದನ್ನು ತೆಗೆದುಹಾಕಿ ಅವಳನ್ನು ತೋರಿಸಿದರೆ, ಅವಳ ಕೆಲಸವನ್ನು ಕಸವೆಂದು ಗುಡಿಸಿದ ಹಾಗಾಯಿತು. ಹೋಗಿ ಹೇಳಿದೆ, ಸುಣ್ಣ ಮರಳಿ ಹಾಕಿ, ಒಂದು ಕಣವೂ ಬಿಡಬೇಡಿ. ಮಮತಾಜ ನನ್ನನ್ನು ಬಾಗಿಲವರೆಗೆ ಬಿಡಲು ಬಂದು ಪಿಸುಗುಟ್ಟಿದಳು. ‘ಅಕಿದೊಂದ ಫೋಟೋ ಕದ್ದ ಕೊಡ್ತೀನ್ರಿ ಆಯೀ. ಯಾರಿಗೂ ಗೊತ್ತಾಗಂಗಿಲ್ಲ.’ ಬೇಡ ಎಂದೆ. ಅದನ್ನು ಮನೆಯಲ್ಲಿ ತೂಗುಹಾಕಿದರೆ ನಾಳೆ ಮೊಮ್ಮಕ್ಕಳ ಮಕ್ಕಳು ಕೈಮುಗಿಯುತ್ತಾರೆ. ಯಂತ್ರದ ಊಹೆಗೆ ಫಕೀರವ್ವನ ಹೆಸರಿಡಲು ನಾನು ಒಪ್ಪಲಾರೆ. ಮರಳಿ ಒಳಗೆ ಹೋದೆವು. ಮಮತಾಜ ಗುಂಡಿ ಒತ್ತಿ ತೊಳೆದ ಪ್ರತಿಯನ್ನು ಅಳಿಸುವಾಗ ನಾನು ಪಕ್ಕದಲ್ಲಿ ನಿಂತು ನೋಡಿದೆ. ನೋಡುವುದು ನನ್ನ ಕರ್ತವ್ಯವಾಗಿತ್ತು.

ಚಿತ್ರ ಮನೆಗಳಿಗೆ ಬಿಡುಗಡೆಯಾದ ದಿನ ಮಧ್ಯಾಹ್ನ ಎಲ್ಲರನ್ನೂ ದೊಡ್ಡ ಕೋಣೆಯಲ್ಲಿ ಕೂಡಿಸಿದೆ. ನನ್ನ ಮಾತು ಮೀರುವವರಿಲ್ಲ, ಬಂದು ಕೂತರು. ಆದರೆ ಗೋಡೆ ತಮ್ಮ ಮನಸ್ಸಿಗೆ ಬಗ್ಗದೆ ಇದ್ದಾಗ ಹೇಗೆ ನೋಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮೊದಲು ಕಿರಿಯವರು ಎದ್ದರು. ಆಮೇಲೆ ಸೊಸೆಯಂದಿರಿಗೆ ಕೆಲಸ ನೆನಪಾಯಿತು. ಗಂಡುಮಕ್ಕಳು ಕೂತಲ್ಲೇ ನಿದ್ದೆ ಹೋದರು. ಕೊನೆಯ ದೃಶ್ಯ ಬರುವ ಹೊತ್ತಿಗೆ ನೋಡುತ್ತಿದ್ದವಳು ನಾನೊಬ್ಬಳೇ. ಉಗಿ ಎದ್ದಿತು. ನಾಯಕಿ ಕರಗಿದಳು. ತೆರೆಯ ಬಿಳುಪಿನಿಂದ ಕೋಣೆಯ ಬಂಡೆಗಳು, ಖಾಲಿ ಚಾಪೆಗಳು, ನನ್ನ ಕೈಗಳು ಎಲ್ಲ ಬೆಳ್ಳಗಾದವು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಅವರ ಮೊಣಕೈ ತಿವಿದು ತೋರಿಸುತ್ತಿದ್ದೆ, ಅಲ್ಲಿ ನೋಡು, ಅಲ್ಲಿ ಹಿಂದೆ ಅವಳಿದ್ದಾಳೆ ಎಂದು. ಈಗ ತಿಂಗಳುಗಳು ಕಳೆದಿವೆ. ನಾನು ಕಂಡ ಆ ಮುಖ ದಿನದಿನಕ್ಕೆ ಮಸುಕಾಗುತ್ತಿದೆ. ಕೆಲವೊಮ್ಮೆ ಅದು ನನ್ನ ಅಜ್ಜಿಯ ಮುಖವಾಗುತ್ತದೆ, ಕೆಲವೊಮ್ಮೆ ತುಳಸಾಳದು.

ಇನ್ನು ನಿಮ್ಮ ಕೆಲಸ ಹೇಳುತ್ತೇನೆ. ಬಿನ್ನಹ ಎಂದು ತಿಳಿದರೂ ಸರಿ, ಅಪ್ಪಣೆ ಎಂದು ತಿಳಿದರೂ ಸರಿ. ನಿಮ್ಮ ಕಾಲದಲ್ಲಿ ಫಕೀರವ್ವ ಬದುಕಿದ್ದಾಳೆ. ಈಗ ಮುದುಕಿ. ಬಿಳಿಗಲ್ಲಹಟ್ಟಿಯ ಸುಣಗಾರ ಓಣಿಯಲ್ಲಿ ಕೇಳಿದರೆ ಮನೆ ತೋರಿಸುತ್ತಾರೆ. ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿರಬಹುದು. ಯಾರು ನೀವು, ಏನು ಕೆಲಸ ಎಂದು ಗದರಿಸಬಹುದು. ನಮ್ಮ ಮನೆಯ ಹೆಂಗಸರು ಮೊದಲು ಗದರಿಸುತ್ತಾರೆ. ಹೆದರದೆ ಎದುರಿಗೆ ಕೂತು ಅವಳ ಮುಖ ನೋಡಿ. ಗದ್ದ ಚೂಪಾಗಿದೆಯೇ, ಹುಬ್ಬುಗಳು ಕೂಡಿವೆಯೇ, ನಗುವಾಗ ತಲೆ ಹಿಂದಕ್ಕೆ ಚೆಲ್ಲುತ್ತಾಳೆಯೇ, ಎಲ್ಲವನ್ನೂ ಸರಿಯಾಗಿ ನೋಡಿ. ನೋಡಿದ್ದನ್ನು ನನಗೆ ತಿಳಿಸಲು ದಾರಿಯಿಲ್ಲ, ಕಾಗದ ಹಿಂದಕ್ಕೆ ಮಾತ್ರ ಹೋಗುತ್ತದೆ. ನನಗೆ ಗೊತ್ತಾಗದಿದ್ದರೂ ಯಾರೋ ಒಬ್ಬರಿಗೆ ಗೊತ್ತಿದೆ ಎಂದರೆ ಸಾಕು.

ಅವಳು ಊಟಕ್ಕೆ ಏಳಿ ಅನ್ನುತ್ತಾಳೆ. ಬೇಡ ಅನ್ನಬೇಡಿ. ಕೂತು ಉಣ್ಣಿರಿ, ಅವಳ ಜೊತೆ ಮಾತಾಡುತ್ತ ಉಣ್ಣಿರಿ.

ತಂಗೆವ್ವ ಸುಣಗಾರ
ಬಿಳಿಗಲ್ಲಹಟ್ಟಿಯ ನೆಲಮನೆ