ಬೆಳಿಗ್ಗೆಯೇ ಬರೆದಿಟ್ಟ ಸಂಜೆ ನಾಲ್ಕು ಗಂಟೆ

ಮಾನ್ಯ ವಿಚಾರಣಾಧಿಕಾರಿಗಳೇ,

ನಿಮ್ಮ ವರದಿಯ ಹನ್ನೊಂದನೇ ಪುಟ ಸುಳ್ಳು. ಆ ಸುಳ್ಳನ್ನು ಬರೆದವನು ನಾನು. "ಹಿಂಬದಿಯ ಗೇಟು ಸಂಜೆ ನಾಲ್ಕಕ್ಕೇ ತೆರೆದಿತ್ತು, ಅವಕಾಶವಿದ್ದರೂ ಮೃತ ವಿದ್ಯಾರ್ಥಿನಿ ಹೊರಹೋಗಲಿಲ್ಲ" ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಆಧಾರ? ಕಾಲೇಜಿನ ಗೇಟ್ ಪುಸ್ತಕ, ಅದರಲ್ಲಿ ಕಾವಲುಗಾರನ ಸಹಿ. ಆ ಕಾವಲುಗಾರ ನಾನೇ. ಸತ್ತವಳು ನನ್ನ ತಂಗಿಯ ಮಗಳು.

ಗೇಟ್ ಪುಸ್ತಕ ಹೇಗೆ ತುಂಬುತ್ತದೆಂದು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಬೆಳಿಗ್ಗೆ ಬಂದವರೇ ಇಡೀ ದಿನದ್ದನ್ನು ಒಂದೇ ಉಸಿರಿಗೆ ಬರೆದುಬಿಡುತ್ತೇವೆ: ಒಂಬತ್ತಕ್ಕೆ ಮುಚ್ಚಿದೆ, ನಾಲ್ಕಕ್ಕೆ ತೆರೆದಿದೆ, ಸಹಿ. ನನಗೆ ಕೆಲಸ ಕಲಿಸಿದವರೂ ಹಾಗೇ ಬರೆಯುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಒಬ್ಬ ಮೇಲಧಿಕಾರಿಯೂ ಕೇಳಲಿಲ್ಲ. ಕೇಳಿದವಳು ಅವಳೊಬ್ಬಳೇ, ಸತ್ತ ದಿನವೇ ಬೆಳಿಗ್ಗೆ, ಕಾಲೇಜಿನೊಳಗಿನ ಧರಣಿಗೆಂದು 'ಯುದ್ಧ ಬೇಡ' ಎಂದು ಬರೆದ ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು. "ಮಾವಾ, ನಿನ್ ಪುಸ್ತಕದಲ್ಲಿ ಬೆಳಿಗ್ಗೇನೇ ಸಂಜೆ ಆಗೋಗುತ್ತಲ್ಲ! ಹಾಗೇ ಯುದ್ಧಾನೂ ಮುಗೀತು ಅಂತ ಬರೆದು ಸಹಿ ಹಾಕ್ಬಿಡು, ನಾವು ಕ್ಲಾಸಿಗೆ ಹೋಗ್ತೀವಿ." ನಾನು ನಕ್ಕು ಅವಳನ್ನು ಒಳಗೆ ಬಿಟ್ಟೆ.

ಮೂರೂವರೆಗೆ ಕಚೇರಿಯ ಜವಾನ ಬಂದ. "ಹಿಂದಿನ ಗೇಟು ತೆಗೀಬಾರ್ದಂತೆ. ಬೀಗದ ಕೈ ಕೊಡ್ಬೇಕಂತೆ." ಯಾರು ಹೇಳಿದ್ದು ಎಂದರೆ "ಮೇಲಿನವರು" ಎಂದ. ಕೊಟ್ಟುಬಿಟ್ಟೆ. ನಾಲ್ಕೂಕಾಲಿಗೆ ಮುಂದಿನ ಗೇಟಿನಲ್ಲಿ ಪೊಲೀಸರ ಗುಂಡು ಹಾರಿತು, ಮಕ್ಕಳೆಲ್ಲ ಹಿಂದಕ್ಕೆ ಓಡಿ ಬಂದರು. ಎಲ್ಲರಿಗಿಂತ ಮುಂದೆ ಅವಳು. ಒಳಗಿನಿಂದ ಸರಳು ಹಿಡಿದು "ಮಾವಾ, ತೆಗಿ! ಮಾವಾ!" ಎಂದು ಕೂಗಿದಳು. ಹೊರಗೆ ನಿಂತಿದ್ದ ನಾನು ಕಲ್ಲು ತಗೊಂಡು ಬೀಗಕ್ಕೆ ಹೊಡೆದೆ. ಒಳ್ಳೆಯ ಬೀಗ; ತಿಂಗಳು ತಿಂಗಳೂ ಎಣ್ಣೆ ಬಿಟ್ಟು ಕಾಪಾಡಿದವನು ನಾನೇ. ಗುಂಡು ಬೆನ್ನಿಗೆ ಬಿತ್ತು ಎಂದು ನಿಮ್ಮ ವರದಿಯೇ ಹೇಳುತ್ತದೆ. ತೆರೆದ ಗೇಟಿನ ಸರಳು ಹಿಡಿದುಕೊಂಡು ನಿಲ್ಲಲು ಅವಳಿಗೇನು ಹುಚ್ಚೇ, ಸ್ವಾಮಿ?

ವರದಿ ತಿದ್ದಿ ಎಂದು ನಿಮ್ಮ ಕಚೇರಿಗೆ ಮೂರು ಸಲ ಅಲೆದೆ. ತಮ್ಮ ಗುಮಾಸ್ತರು ಬಹಳ ಒಳ್ಳೆಯವರು, ಬಿಡಿಸಿ ಹೇಳಿದರು. "ಪುಸ್ತಕ ನಿಜ ಅಂದ್ರೆ ನಿನ್ ಕೆಲಸ ಉಳಿಯುತ್ತೆ. ಸುಳ್ಳು ಅಂದ್ರೆ ಸುಳ್ಳು ದಾಖಲೆ ಬರೆದವನು ನೀನೇ, ಜೈಲಿಗೆ ಹೋಗ್ತೀಯ. ಯಾವುದು ಬೇಕು ನೋಡ್ಕೋ." ಅತ್ತ ದರಿ, ಇತ್ತ ಪುಲಿ. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಹೇಡಿ ನಾನು.

ಮನೆಯಲ್ಲಿ ತಂಗಿ ದಿನಾ ಒಂದೇ ಮಾತು ಕೇಳುತ್ತಾಳೆ. "ಅಣ್ಣಾ, ಗೇಟು ತೆಗೆದಿತ್ತಂತಲ್ಲ, ಮತ್ಯಾಕೆ ಅವಳು ಓಡ್ಲಿಲ್ಲ? ಅಮ್ಮ ಒಬ್ಬಳಿದಾಳೆ ಅಂತ ನೆನಪಾಗ್ಲಿಲ್ವಾ?" ಸತ್ತ ಮಗಳ ಮೇಲೆ ಹೆತ್ತವಳು ಮುನಿಸಿಕೊಂಡಿದ್ದಾಳೆ. ಆ ಮುನಿಸಿಗೆ ನನ್ನ ಕೈಬರಹವೇ ಕಾರಣ, ಅದರ ಮೇಲೆ ನಿಮ್ಮ ಮೊಹರು.

ಆದ್ದರಿಂದ ಆ ಸಾಲನ್ನು ಹೊಡೆದುಹಾಕಿ. ಗೇಟಿಗೆ ಬೀಗ ಬಿದ್ದಿತ್ತು ಎಂದು ಬರೆಯಿರಿ. ಬೀಗದ ಕೈ ತರಿಸಿಕೊಂಡ ಆ 'ಮೇಲಿನವರು' ಯಾರೆಂದೂ ಬರೆಯಿರಿ. ನನ್ನನ್ನು ಜೈಲಿಗೆ ಹಾಕುವುದಾದರೆ ಹಾಕಿ. ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ತಂಗಿಗೆ ಓದಿ ಹೇಳಿದೆ. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು "ಹಾಗಾದ್ರೆ ಅವಳು ಓಡಿ ಬಂದಿದ್ಲಾ, ಅಣ್ಣಾ?" ಎಂದಳು.

ಬಂದಿದ್ದಳು. ಅದನ್ನೇ ತಾವೂ ಬರೆಯಿರಿ.

ಇಂತಿ,
ಎಲ್ಲ ಮುಗಿದ ಮೇಲೆ ಸಹಿ ಹಾಕುವುದನ್ನು ಈಗ ಕಲಿತ,
ಹಿಂಬದಿ ಗೇಟಿನ ಕಾವಲುಗಾರ