ನೀರಿನ ಟ್ಯಾಂಕಿನ ಹಿಂದಿನ ಸೀಟು

ಸೊಸೆಯಮ್ಮನಿಗೆ ನಿನ್ನತ್ತೆಯ ಆಶೀರ್ವಾದ. ನಾನೂ ನಿನ್ನ ಮಗಳೂ ಕ್ಷೇಮ.

ಅವಳು ಗೋಲು ಕಾಯುವುದನ್ನು ಕಣ್ತುಂಬ ನೋಡಿ ಬರೆಯಿರಿ ಎಂದಿದ್ದೆಯಲ್ಲ, ಇಲ್ಲಿ ಪರವೂರಿನ ತಂಡದ ಕಡೆಯವರನ್ನೆಲ್ಲ ನೀರಿನ ಟ್ಯಾಂಕಿನ ಹಿಂದೆ ಕೂರಿಸುತ್ತಾರೆ! ಮೈದಾನದಲ್ಲಿ ನಮಗೆ ಕಾಣುವುದು ಮೂಲೆಯ ಬಾವುಟ ಒಂದೇ. ಗೇಟಿನವನನ್ನು ಕೇಳಿದರೆ, "ಇದು ಕೂರೋಕೆ ಅಜ್ಜಿ, ನೋಡೋಕಲ್ಲ" ಅಂದ. "ಕೂರೋಕೆ ನಮ್ಮನೇಲಿ ಜಗಲಿ ಇರ್ಲಿಲ್ವೇನಯ್ಯ?" ಎಂದು ಬೈದು, ಈ ಊರಿನವರ ನಡುವೆಯೇ ಹೋಗಿ ಕೂತೆ. ಅಲ್ಲಿ ನಮ್ಮ ತಂಡಕ್ಕೆ ಚಪ್ಪಾಳೆ ತಟ್ಟಿದರೆ ಎಬ್ಬಿಸಿ ಕಳಿಸುತ್ತಾರಂತೆ. ಶಾಲಿನ ತುದಿ ಬಾಯಿಗೆ ತುರುಕಿಕೊಂಡೆ.

ಆಟದ ಕೊನೆಯ ಗಳಿಗೆಯಲ್ಲಿ ಎಮ್ಮೆಯಂಥ ಒಬ್ಬಳು ಬೀಸಿ ಒದ್ದ ಚೆಂಡನ್ನು ನಿನ್ನ ಮಗಳು ಹಾರಿ ತಬ್ಬಿಕೊಂಡಳು ನೋಡು, ಸುತ್ತಲಿನವರೆಲ್ಲ ಸಾವಿನ ಮನೆಯವರಂತೆ ಕೂತುಬಿಟ್ಟರು. ನಾನೊಬ್ಬಳು "ನನ್ ಬಂಗಾರೀ!" ಎಂದು ಕಿರುಚಿದೆ. ಇಬ್ಬರು ರಟ್ಟೆ ಹಿಡಿದು ಟ್ಯಾಂಕಿನ ಹಿಂದೆ ಬಿಟ್ಟುಹೋದರು. ಅಲ್ಲಿ ನಮ್ಮವರೆಲ್ಲ ಮುತ್ತಿಕೊಂಡು, "ಏನಾಯ್ತಜ್ಜಿ, ಗೆದ್ವಾ?" ಎಂದು ನನ್ನನ್ನೇ ಕೇಳಿದರು!

ನನ್ನ ಮಂಡಿನೋವು ಪರವಾಗಿಲ್ಲ, ಕಿರುಚಿ ಗಂಟಲು ಕಟ್ಟಿದೆ. ಗೆದ್ದೆವು. ನಮ್ಮ ಕಡೆಯಲ್ಲಿ ಅದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಇಲ್ಲಿಂದ ಊರಿಗೆ ಬಂದವರು ಏನೇ ಕೊಚ್ಚಿಕೊಳ್ಳಲಿ, ನಂಬಬೇಡ.

ಕಾರ್ಡಿನಲ್ಲಿ ಜಾಗವಿಲ್ಲ.
ನಿನ್ನತ್ತೆ